ಒಳಗಿದ್ದವರ ಕಣ್ಣು

ಚೆನ್ನೈನ ಯಾವ ಬೀದಿಯಲ್ಲಿ ನಿಂತು ತಲೆ ಎತ್ತಿದರೂ ಒಂದಲ್ಲ ಒಂದು ಕ್ಯಾಮೆರಾ ಕಣ್ಣಿಗೆ ಬೀಳುತ್ತದೆ. ಲೈಟುಕಂಬ, ಔಷಧಿ ಅಂಗಡಿಯ ಬೋರ್ಡು, ಪಿಳ್ಳೈಯಾರ್ ಗುಡಿಯ ಕಾಂಪೌಂಡು, ಅಪಾರ್ಟ್‌ಮೆಂಟಿನ ಗೇಟು, ಎಲ್ಲ ಕಡೆಯೂ ಇವೆ. 2017ರಲ್ಲಿ ಎ. ಕೆ. ವಿಶ್ವನಾಥನ್ ಇಲ್ಲಿಯ ಪೊಲೀಸ್ ಕಮಿಷನರ್ ಆಗಿ ಬಂದ ಮೇಲೆ ‘ಮೂನ್ರಾವದು ಕಣ್’ (ಮೂರನೆಯ ಕಣ್ಣು) ಎಂಬ ಯೋಜನೆ ಶುರುವಾಯಿತು. ಐವತ್ತು ಮೀಟರಿಗೊಂದು ಕ್ಯಾಮೆರಾ ಇರಬೇಕೆಂಬುದು ಗುರಿ. ಸರ್ಕಾರದ ಹಣಕ್ಕೇ ಕಾಯುತ್ತ ಕೂರದೆ ವ್ಯಾಪಾರಿಗಳೂ ಬಡಾವಣೆಯ ಸಂಘದವರೂ ತಾವೇ ದುಡ್ಡು ಕೂಡಿಸಿ ಹಾಕಿಸಿದರು. 2020ರಲ್ಲಿ ಸರ್ಫ್‌ಶಾರ್ಕ್ ಎಂಬ ಕಂಪನಿ ಜಗತ್ತಿನ ದೊಡ್ಡ ನಗರಗಳ ಲೆಕ್ಕ ತೆಗೆದಾಗ, ಚದರ ಕಿಲೋಮೀಟರಿಗೆ 657 ಕ್ಯಾಮೆರಾಗಳಿದ್ದ ಚೆನ್ನೈ ಪಟ್ಟಿಯ ತಲೆಯಲ್ಲಿತ್ತು. ಸರ ಕಿತ್ತುಕೊಂಡು ಬೈಕಿನಲ್ಲಿ ಪರಾರಿಯಾದವರು ಆಮೇಲೆ ಸಿಕ್ಕಿಬಿದ್ದದ್ದನ್ನು ಇಲ್ಲಿಯ ಪೇಪರ್‌ಗಳಲ್ಲಿ ಓದುತ್ತಲೇ ಇದ್ದೇವೆ. ಬೀದಿಯ ಕ್ಯಾಮೆರಾದ ಮೇಲೆ ನನಗೆ ತಕರಾರಿಲ್ಲ.

ಮನೆಗೆ ತರುವ ಕ್ಯಾಮೆರಾದ ವಿಚಾರವೇ ಬೇರೆ. ವೆಸ್ಟ್ ಮಾಂಬಲಂನ ಹಳೆಯ ಮನೆಯೊಂದರ ಕೆಳಗಿನ ಭಾಗದಲ್ಲಿ ನಾವಿದ್ದೇವೆ: ನಾನು, ನನ್ನ ಯಜಮಾನರು, ಎಂಬತ್ತು ದಾಟಿದ ನಮ್ಮ ಅತ್ತೆ. ಮಹಡಿಯ ಮೇಲೆ ತಮಿಳು ಸಂಸಾರ. ನಾವಿಬ್ಬರೂ ಕೆಲಸಕ್ಕೆ ಹೊರಟರೆ ಮಧ್ಯಾಹ್ನವೆಲ್ಲ ಅತ್ತೆ ಒಬ್ಬರೇ. ಕೊರಿಯರ್‌ನವನು, ಸಿಲಿಂಡರ್‌ನವನು, ನೀರಿನ ಕ್ಯಾನಿನ ಹುಡುಗ, ದೇವಸ್ಥಾನದ ಚಂದಾ ಎಂದು ಬರುವವರು, ಗೇಟು ಬಡಿಯುವವರಿಗೆ ಲೆಕ್ಕವಿಲ್ಲ. ಮಂಡಿನೋವಿನ ಅತ್ತೆ ಪ್ರತಿ ಸಲವೂ ಗೋಡೆ ಹಿಡಿದುಕೊಂಡು ಬಾಗಿಲ ತನಕ ಬರಬೇಕು. ನ್ಯೂಜೆರ್ಸಿಯಲ್ಲಿರುವ ನನ್ನ ಮೈದುನನಿಗೆ ಇದೇ ಚಿಂತೆ. “ಅತ್ತಿಗೆ, ಹಾಲಿನಲ್ಲೊಂದು, ಅಮ್ಮನ ರೂಮಿನಲ್ಲೊಂದು ವೈಫೈ ಕ್ಯಾಮೆರಾ ಹಾಕಿಸಿಬಿಡಿ. ದುಡ್ಡು ನಾನು ಕಳಿಸ್ತೀನಿ. ಮಧ್ಯಾಹ್ನ ಅಮ್ಮ ಬಿದ್ದರೆ ಯಾರಿಗೆ ಗೊತ್ತಾಗುತ್ತೆ ಹೇಳಿ?” ಎಂದು ಭಾನುವಾರ ಬಂತೆಂದರೆ ಕೇಳುತ್ತಾನೆ. ಅವನ ಆತಂಕ ಸುಳ್ಳಲ್ಲ. ಅಷ್ಟು ದೂರದಲ್ಲಿ ಕೂತ ಮಗನಿಗೆ ತಾಯಿಯ ಮುಖ ಕಾಣಬೇಕೆನ್ನಿಸುವುದು ಸಹಜ.

ಆದರೆ ಈ ಕ್ಯಾಮೆರಾ ಹುಟ್ಟಿದ ಬಗೆ ನೋಡಿ. ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ಕಪ್ಪು ಜನಾಂಗದ ನರ್ಸ್ ಇದ್ದರು. ಗಂಡ ಆಲ್ಬರ್ಟ್ ಎಲೆಕ್ಟ್ರಾನಿಕ್ಸ್ ಕೆಲಸದವರು. ಇಬ್ಬರದೂ ಹೊತ್ತುಗೊತ್ತಿಲ್ಲದ ಪಾಳಿ. ರಾತ್ರಿ ಹೊತ್ತು ಮನೆಯಲ್ಲಿ ಒಬ್ಬರೇ ಇರುವಾಗ ಬಾಗಿಲು ಬಡಿದವರು ಯಾರೆಂದು ತಿಳಿಯದೆ ಮೇರಿ ಹೆದರುತ್ತಿದ್ದರು. ಪೊಲೀಸರನ್ನು ಕರೆದರೆ ಬರುವುದು ತಡ. ಅದಕ್ಕೆ ದಂಪತಿಗಳು ಒಂದು ಉಪಾಯ ಕಟ್ಟಿದರು. ಬಾಗಿಲಿನಲ್ಲಿ ಬೇರೆ ಬೇರೆ ಎತ್ತರಕ್ಕೆ ನಾಲ್ಕು ಕಿಂಡಿ, ಅವುಗಳ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ, ಮಲಗುವ ಕೋಣೆಯಲ್ಲಿ ಟಿವಿ, ಹೊರಗಿನವರ ಜೊತೆ ಮಾತಾಡಲು ಮೈಕು, ಹಾಸಿಗೆಯ ಪಕ್ಕದಿಂದಲೇ ಬಾಗಿಲ ಚಿಲಕ ತೆಗೆಯುವ ಗುಂಡಿ. 1966ರಲ್ಲಿ ಅರ್ಜಿ ಹಾಕಿ 1969ರ ಡಿಸೆಂಬರಿನಲ್ಲಿ ಪೇಟೆಂಟ್ ಪಡೆದರು. ಇವತ್ತು ಅಂಗಡಿಯಲ್ಲಿ ಸಿಗುವ ವಿಡಿಯೊ ಡೋರ್‌ಬೆಲ್ಲಿನ ಮೂಲ ಲಕ್ಷಣಗಳೆಲ್ಲ ಅದರಲ್ಲೇ ಇದ್ದವು. ಒಳಗಿದ್ದ ಹೆಣ್ಣುಮಗಳು ಹೊರಗಿನವರನ್ನು ನೋಡಲಿಕ್ಕಾಗಿ ಅದು ಹುಟ್ಟಿತು. ಈಗ ಎಷ್ಟೋ ಮನೆಗಳಲ್ಲಿ ಹೊರಗಿದ್ದವರು ಒಳಗಿನ ಮುದುಕಿಯನ್ನು ನೋಡಲಿಕ್ಕೆ ಅದು ಬರುತ್ತಿದೆ. ಕ್ಯಾಮೆರಾವನ್ನು ಆರಿಸಬೇಕಾದವರು ಅದರ ಮುಂದೆ ದಿನ ಕಳೆಯುವವರು ಎಂಬುದು ನನ್ನ ನಂಬಿಕೆ. ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಅತ್ತೆಯನ್ನು ಕೇಳಿದೆ.

ಅವರು ಮಾತಿಗೆ ಮೊದಲು ಕೈಯಲ್ಲಿದ್ದ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. “ಗೇಟಿಗೆ ಹಾಕಿಸು. ಯಾರು ಬಂದ್ರು ಅಂತ ನಾನು ಕೂತಲ್ಲೇ ನೋಡೋ ಹಾಗಾದರೆ ಒಳ್ಳೇದೇ ಆಯ್ತು. ಒಳಗೆ ಬೇಡಮ್ಮ. ಈ ಸೆಖೆಗೆ ಸೆರಗು ಸಡಿಲ ಮಾಡ್ಕೊಂಡು ಫ್ಯಾನಿನ ಕೆಳಗೆ ನೆಲದ ಮೇಲೆ ಮಲಗ್ತೀನಿ. ಅದನ್ನ ನನ್ನ ಮಗ ಆಗಲಿ, ಮೊಮ್ಮಗ ಆಗಲಿ ನೋಡಬೇಕಾ?” ಅಲ್ಲಿಗೆ ಅರ್ಧ ಆಯ್ಕೆ ಮುಗಿದಿತ್ತು.

ಇನ್ನರ್ಧಕ್ಕೆ ರಿಚ್ಚಿ ಸ್ಟ್ರೀಟಿಗೆ ಹೋದೆವು. ಮೌಂಟ್ ರೋಡಿಗೆ ಅಂಟಿಕೊಂಡ ಆ ಗಲ್ಲಿಗಳಲ್ಲಿ ಸಿಗದ ಎಲೆಕ್ಟ್ರಾನಿಕ್ ಸಾಮಾನು ಚೆನ್ನೈನಲ್ಲಿ ಬೇರೆಲ್ಲೂ ಸಿಗುವುದಿಲ್ಲ ಎನ್ನುವಷ್ಟು ಅಂಗಡಿಗಳಿವೆ. ಎಲ್ಲರೂ ಮೊದಲು ಹೇಳುವುದು ಮೆಗಾಪಿಕ್ಸೆಲ್. ಎರಡಕ್ಕಿಂತ ಮೂರು ಮೇಲು, ಮೂರಕ್ಕಿಂತ ಐದು ಮೇಲು. ಚೆನ್ನೈನ ಮನೆಗೆ ಅದು ನಾಲ್ಕನೆಯದೋ ಐದನೆಯದೋ ಪ್ರಶ್ನೆ. ಮೊದಲನೆಯದು ಬಿಸಿಲು.

ಮೊಳೆ ಹೊಡೆದು ಅಥವಾ ಅಯಸ್ಕಾಂತದಲ್ಲಿ ಅಂಟಿಸಿಬಿಡಬಹುದಾದ, ಒಂದೂ ವೈರ್ ಬೇಡದ ಬ್ಯಾಟರಿ ಕ್ಯಾಮೆರಾಗಳು ನೋಡಲು ಬಹಳ ಅನುಕೂಲ. ಗೋಡೆ ಕೊರೆಯಬೇಕಿಲ್ಲ, ಎಲೆಕ್ಟ್ರಿಷಿಯನ್ ಬೇಕಿಲ್ಲ. ಆದರೆ ಅವು ಬ್ಯಾಟರಿ ಉಳಿಸಲು ಸದಾ ನಿದ್ದೆಯಲ್ಲಿರುತ್ತವೆ. ಮುಂದೆ ಯಾರಾದರೂ ಹಾದುಹೋದರೆ ಎಬ್ಬಿಸಲಿಕ್ಕೆ ಪಿಐಆರ್ ಎಂಬ ಸೆನ್ಸರ್ ಇರುತ್ತದೆ. ಅದು ಕಾಣುವುದು ಶಾಖವನ್ನು. ಹಿಂದಿನ ಗೋಡೆಗಿಂತ ಮುಂದೆ ಬಂದ ಮೈ ಬಿಸಿಯಾಗಿದ್ದರೆ ಆ ವ್ಯತ್ಯಾಸ ಹಿಡಿದು ಕ್ಯಾಮೆರಾವನ್ನು ಎಬ್ಬಿಸುತ್ತದೆ. ಬೆಂಗಳೂರಿನ ಇಪ್ಪತ್ತೈದು ಡಿಗ್ರಿಯಲ್ಲಿ ಈ ಏರ್ಪಾಡು ಚೆನ್ನಾಗಿ ನಡೆಯುತ್ತದೆ. ಇಲ್ಲಿ ಮೇ ತಿಂಗಳ ‘ಕತ್ತಿರಿ ವೆಯಿಲ್’ ಎಂಬ ಕಡುಬಿಸಿಲಿನ ಕಾಲದಲ್ಲಿ ಕಾಂಪೌಂಡ್ ಗೋಡೆಯೇ ಮನುಷ್ಯನ ಮೈಯಷ್ಟು ಸುಡುತ್ತಿರುತ್ತದೆ. 2003ರ ಮೇ 31ರಂದು ಈ ಊರಿನಲ್ಲಿ 45 ಡಿಗ್ರಿ ದಾಖಲಾಗಿತ್ತು. ಗೋಡೆಯೂ ಮೈಯೂ ಒಂದೇ ಶಾಖದಲ್ಲಿದ್ದರೆ ಸೆನ್ಸರಿಗೆ ಬಂದವರು ತಿಳಿಯುವುದೇ ಕಷ್ಟ. ಹತ್ತಿರ ಬರುವ ತನಕ ಸುಮ್ಮನಿರುತ್ತದೆ. ಜನ ಬಾಗಿಲು ಹಾಕಿ ಮಲಗುವ, ಬೀದಿ ಖಾಲಿಯಾಗುವ ಮಧ್ಯಾಹ್ನವೇ ಅದು ಮಂಕಾಗುವ ಹೊತ್ತು. ಲಿಥಿಯಂ ಬ್ಯಾಟರಿಗೂ ಶಾಖ ವೈರಿ. 45 ಡಿಗ್ರಿ ಮೀರಿದರೆ ಚಾರ್ಜ್ ಮಾಡಬೇಡಿ ಎಂದು ಸಾಮಾನ್ಯವಾಗಿ ತಯಾರಕರೇ ಬರೆದಿರುತ್ತಾರೆ. ಬಿಸಿಲು ಬೀಳುವ ಗೋಡೆಯ ಮೇಲಿನ ಪ್ಲಾಸ್ಟಿಕ್ ಡಬ್ಬಿಯೊಳಗೆ ಅಷ್ಟು ಶಾಖ ಏರುವುದು ಇಲ್ಲಿ ದೊಡ್ಡ ವಿಷಯವಲ್ಲ. ಹೀಗಾಗಿ ಪ್ಲಗ್ಗಿಗೆ ಹಾಕುವ, ಚಿತ್ರವನ್ನು ಮಾತ್ರ ವೈಫೈಯಲ್ಲಿ ಕಳಿಸುವ ಕ್ಯಾಮೆರಾವೇ ಈ ಊರಿಗೆ ಸರಿ. ಅದು ಎಚ್ಚರವಾಗಿಯೇ ಇರುತ್ತದೆ. ಅಡಾಪ್ಟರಿನ ವೈರ್ ಒಂದನ್ನು ಒಳಗಿನಿಂದ ತರಬೇಕು, ಅಷ್ಟೆ.

ಎರಡನೆಯದು ಬೆಳಕು. ನಮ್ಮ ಬಾಗಿಲು ಪೂರ್ವಕ್ಕಿದೆ. ವಾಸ್ತು ನೋಡಿ ಕಟ್ಟಿದ ಎಷ್ಟೋ ಮನೆಗಳ ಬಾಗಿಲು ಪೂರ್ವಕ್ಕೇ. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಸೂರ್ಯ ನೇರ ಲೆನ್ಸಿನೊಳಗೆ ಇಣುಕುತ್ತಾನೆ. ಗೇಟಿನಲ್ಲಿ ನಿಂತವರ ಮುಖ ಕಪ್ಪು ನೆರಳಾಗುತ್ತದೆ. ಇದಕ್ಕೆ ಡಬ್ಲ್ಯೂಡಿಆರ್ ಎಂಬ ಸೌಕರ್ಯವಿರುವ ಕ್ಯಾಮೆರಾ ಬೇಕು. ಪ್ರಖರ ಬೆಳಕನ್ನೂ ನೆರಳನ್ನೂ ಬೇರೆ ಬೇರೆ ಅಳತೆಯಲ್ಲಿ ತೆಗೆದು ಕೂಡಿಸುವುದರಿಂದ ಮುಖ ಕಾಣುತ್ತದೆ. ಎತ್ತರವೂ ಮುಖ್ಯ. ಸಜ್ಜದ ಮೇಲೆ ಹತ್ತು ಹನ್ನೆರಡು ಅಡಿಯಲ್ಲಿ ಹಾಕಿಸಿದವರ ಮನೆಗಳಲ್ಲಿ ನೆತ್ತಿಗಳೂ ಹೆಲ್ಮೆಟ್ಟುಗಳೂ ಚೆನ್ನಾಗಿ ಕಾಣುತ್ತವೆ, ಮುಖ ಸಿಗುವುದಿಲ್ಲ. ಏಳೆಂಟು ಅಡಿ ಸಾಕು. ಲೆನ್ಸು 2.8 ಮಿಲಿಮೀಟರಿನದಾದರೆ ಇಡೀ ಬೀದಿ ಅಗಲವಾಗಿ ಬರುತ್ತದೆ, ಮನುಷ್ಯರು ಚಿಕ್ಕವರಾಗುತ್ತಾರೆ. 4 ಮಿಲಿಮೀಟರಿನದರಲ್ಲಿ ಅಗಲ ಕಡಿಮೆ, ಮುಖ ದೊಡ್ಡದು. ಬೀದಿಯನ್ನು ನೋಡಿಕೊಳ್ಳಲು ಪೊಲೀಸರ ಕ್ಯಾಮೆರಾ ಇದೆ. ನಮಗೆ ಬೇಕಾದದ್ದು ಗೇಟಿನ ಮುಂದೆ ನಿಂತವರ ಮುಖ. ನಾಲ್ಕನ್ನೇ ಆರಿಸಿದೆವು.

ರಾತ್ರಿಯ ವಿಷಯ ಅಂಗಡಿಯವನೇ ಹೇಳಿದ, ಅವನ ಅನುಭವಕ್ಕೆ ನಾನು ಋಣಿ. ಕತ್ತಲಲ್ಲಿ ನೋಡಲು ಕ್ಯಾಮೆರಾದ ಸುತ್ತ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪಗಳಿರುತ್ತವೆ. ಅಲ್ಲಿಗೆ ಹುಳುಹುಪ್ಪಟೆ ಬರುತ್ತವೆ, ಹುಳು ಹಿಡಿಯಲು ಜೇಡ ಬಲೆ ಕಟ್ಟುತ್ತದೆ. ಲೆನ್ಸಿನ ಮುಂದಿನ ಒಂದು ಎಳೆ ಬಲೆ ಆ ಬೆಳಕಿಗೆ ಬಿಳಿ ಹಗ್ಗದಂತೆ ಹೊಳೆದು ಚಿತ್ರವನ್ನೇ ಮುಚ್ಚುತ್ತದೆ. ಗಾಳಿಗೆ ಅಲ್ಲಾಡಿದರೆ ಯಾರೋ ಬಂದರೆಂದು ಫೋನು ಕೂಗುತ್ತದೆ. “ವಾರಕ್ಕೊಂದು ಸಲ ಪೊರಕೆ ಆಡಿಸಿ ಅಕ್ಕಾ, ಅದಕ್ಕಿಂತ ದೊಡ್ಡ ಟೆಕ್ನಾಲಜಿ ಇಲ್ಲ” ಎಂದ. ಮನುಷ್ಯರ ಆಕಾರವನ್ನೇ ಗುರುತಿಸಿ ಸುದ್ದಿ ಕಳಿಸುವ ಮಾದರಿಗಳೂ ಇವೆ. ಬೀದಿನಾಯಿ, ಬೆಕ್ಕು, ತೆಂಗಿನ ಗರಿಯ ನೆರಳು ಇವಕ್ಕೆಲ್ಲ ಎಚ್ಚರಿಸದ ಅಂಥದ್ದೇ ಬೇಕು. ನಾಲ್ಕು ದಿನ ಸುಳ್ಳು ಗಂಟೆ ಬಾರಿಸಿದರೆ ಐದನೆಯ ದಿನ ಯಾರೂ ಫೋನು ತೆಗೆದು ನೋಡುವುದಿಲ್ಲ.

ಬೆಸೆಂಟ್ ನಗರದಲ್ಲೋ ತಿರುವಾನ್ಮಿಯೂರಿನಲ್ಲೋ ಮನೆಯಿದ್ದವರು ಇನ್ನೊಂದನ್ನು ನೋಡಿಕೊಳ್ಳಬೇಕು. ಡಬ್ಬಿಯ ಮೇಲೆ ಐಪಿ 66 ಎಂದಿದ್ದರೆ ಮೊದಲ ಆರು ಧೂಳಿಗೆ, ಎರಡನೆಯದು ನೀರಿಗೆ. ಆ ಅಂಕಿಗಳಲ್ಲಿ ಉಪ್ಪುಗಾಳಿಯ ಪ್ರಸ್ತಾಪವೇ ಇಲ್ಲ. ಸಮುದ್ರದ ಹತ್ತಿರ ಸ್ಕ್ರೂ, ಬ್ರಾಕೆಟ್ಟು, ಅಡಾಪ್ಟರಿನ ಪಿನ್ನು ಮೊದಲು ತುಕ್ಕು ಹಿಡಿಯುತ್ತವೆ. ಕ್ಯಾಮೆರಾದ ಹಿಂದಿನ ಜೋಡಣೆಯನ್ನು ಗೋಡೆಯೊಳಗೋ ಮುಚ್ಚಿದ ಪೆಟ್ಟಿಗೆಯೊಳಗೋ ಇಡಬೇಕು.

ವೈಫೈ ಗೇಟಿನ ತನಕ ಬರುತ್ತದೆಯೇ ಎಂಬುದು ಹಳೆಯ ಮನೆಗಳ ದೊಡ್ಡ ಪ್ರಶ್ನೆ. ನಮ್ಮದು ದಪ್ಪ ಇಟ್ಟಿಗೆ ಗೋಡೆ, ಮರದ ತೊಲೆಯ ಮೇಲೆ ಇಟ್ಟಿಗೆ ನಿಲ್ಲಿಸಿ ಗಾರೆ ಹಾಕಿದ ಮದರಾಸ್ ಟೆರೇಸಿನ ಕಾಲದ ಕಟ್ಟಡ. ರೂಟರಿನ 5 ಗಿಗಾಹರ್ಟ್ಸ್ ವೇಗವಾಗಿದ್ದರೂ ಇಂಥ ಗೋಡೆ ದಾಟುವಾಗ ಸೋಲುತ್ತದೆ, 2.4 ನಿಧಾನ, ಆದರೆ ಗೋಡೆ ದಾಟಬಲ್ಲದು. ಮನೆಯ ಕ್ಯಾಮೆರಾಗಳಲ್ಲಿ ಬಹಳಷ್ಟು 2.4ರಲ್ಲೇ ಕೆಲಸ ಮಾಡುತ್ತವೆ. ತೊಂದರೆಯೆಂದರೆ ಅಕ್ಕಪಕ್ಕದ ಎಲ್ಲ ಮನೆಗಳ ರೂಟರುಗಳೂ ಅದೇ ದಾರಿಯಲ್ಲಿ ನುಗ್ಗುತ್ತಿರುತ್ತವೆ. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಮೂರೇ: 1, 6, 11. ಪಕ್ಕದವರದ್ದು ಯಾವುದರಲ್ಲಿದೆ ನೋಡಿ ನಮ್ಮದನ್ನು ಬೇರೆಗೆ ಹಾಕಿಕೊಳ್ಳಬೇಕು. ಗೋಡೆ ಕೊರೆಯುವ ಮೊದಲು ಕ್ಯಾಮೆರಾವನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿ, ಸ್ಟೂಲಿನ ಮೇಲೆ ನಿಂತು, ಬೇಕಾದ ಜಾಗದಲ್ಲಿ ಹಿಡಿದು ನೋಡಿದರೆ ಮುಂದಿನ ತಲೆನೋವು ಅರ್ಧ ತಪ್ಪುತ್ತದೆ.

ಕರೆಂಟಿನ ಮಾತು ಬಂದಾಗ ನನಗೆ 2023ರ ಡಿಸೆಂಬರ್ ನೆನಪಾಗುತ್ತದೆ. ಮಿಚಾಂಗ್ ಚಂಡಮಾರುತದ ಮಳೆಗೆ ವೇಳಚ್ಚೇರಿ, ಪಳ್ಳಿಕರಣೈ, ಮುಡಿಚ್ಚೂರು ಮುಳುಗಿದವು. ಊರಿನ ಎಷ್ಟೋ ಭಾಗಗಳಲ್ಲಿ ದಿನಗಟ್ಟಲೆ ಕರೆಂಟಿರಲಿಲ್ಲ, ಫೋನಿಗೆ ಸಿಗ್ನಲ್ ಇರಲಿಲ್ಲ. ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು. ಆ ರಾತ್ರಿ ಮೇಲಿನ ಮನೆಯ ಹುಡುಗ ಕತ್ತಲಲ್ಲೇ ಇಳಿದು ಬಂದು ಅತ್ತೆಯನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದ. ಅವನ ತಾಯಿ ಒಲೆ ಹಚ್ಚಿ ಎಲ್ಲರಿಗೂ ರಸಂ ಅನ್ನ ಮಾಡಿದರು. ಅಂಥ ಹೊತ್ತಿನಲ್ಲಿ ಯಾವ ಕ್ಯಾಮೆರಾವೂ ಬದುಕಿರುವುದಿಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದಕ್ಕೆ ದುಡ್ಡು ಹಾಕಬೇಕು. ದಿನನಿತ್ಯದ ಅರ್ಧ ಮುಕ್ಕಾಲು ಗಂಟೆಯ ಕರೆಂಟ್ ಕಡಿತಕ್ಕಾದರೆ ರೂಟರಿಗೂ ಕ್ಯಾಮೆರಾಕ್ಕೂ ಸೇರಿಸಿ ಒಂದು ಮಿನಿ ಯುಪಿಎಸ್ ಸಾಕು. ರೂಟರಿಗೆ ಸಾಮಾನ್ಯವಾಗಿ 12 ವೋಲ್ಟ್, ಕ್ಯಾಮೆರಾಕ್ಕೆ ಹಲವು ಸಲ 5. ಎರಡೂ ಕೊಡುವಂಥದ್ದನ್ನು ಕೇಳಿ ತೆಗೆದುಕೊಳ್ಳಬೇಕು.

ರೆಕಾರ್ಡಿಂಗ್ ಲೆಕ್ಕ ಸರಳ. ಸೆಕೆಂಡಿಗೆ ಒಂದು ಮೆಗಾಬಿಟ್‌ನಂತೆ ಹಗಲಿರುಳೂ ಬರೆದರೆ ದಿನಕ್ಕೆ ಹತ್ತಿರಹತ್ತಿರ 11 ಜಿಬಿ. 128 ಜಿಬಿಯ ಮೆಮೊರಿ ಕಾರ್ಡಿನಲ್ಲಿ ಹತ್ತು ಹನ್ನೊಂದು ದಿನದ್ದು ಉಳಿಯುತ್ತದೆ, ಆಮೇಲೆ ಹಳೆಯದರ ಮೇಲೆ ಹೊಸದು. ಹದಿನೈದು ದಿನ ಊರಿಗೆ ಹೋಗುವವರಿಗೆ ಇದು ಸಾಲದು. ಕಳ್ಳ ಕ್ಯಾಮೆರಾವನ್ನೇ ಕಿತ್ತುಕೊಂಡು ಹೋದರೆ ಕಾರ್ಡೂ ಹೋಯಿತು. ತಿಂಗಳ ಬಾಡಿಗೆ ಕೊಟ್ಟು ಕ್ಲೌಡಿನಲ್ಲಿಡಬಹುದು, ಇಲ್ಲವೇ ಮನೆಯೊಳಗಿನ ರೆಕಾರ್ಡರಿಗೆ ಕಳಿಸಬಹುದು. ಒನ್‌ವಿಫ್ ಎಂಬ ಸಾಮಾನ್ಯ ಮಾನಕಕ್ಕೆ ಒಗ್ಗುವ ಕ್ಯಾಮೆರಾ ಆದರೆ ರೆಕಾರ್ಡರನ್ನು ಯಾವ ಕಂಪನಿಯದಾದರೂ ತರಬಹುದು. ಒಂದೇ ಕಂಪನಿಯ ಆ್ಯಪಿಗೆ ಜೀವನಪರ್ಯಂತ ಕಟ್ಟುಬೀಳಬೇಕಿಲ್ಲ. ಏನಾದರೂ ನಡೆದರೆ ತಕ್ಷಣ ಪ್ರತಿ ತೆಗೆದಿಟ್ಟುಕೊಳ್ಳಬೇಕು. ಕ್ಯಾಮೆರಾದ ಗಡಿಯಾರ ಸರಿಯಾಗಿರಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ ಕೋರ್ಟಿಗೆ ಕೊಡುವ ಇಂಥ ದಾಖಲೆಯ ಜೊತೆ ಪ್ರಮಾಣಪತ್ರವೂ ಬೇಕಾಗುತ್ತದೆ.

ಪಾಸ್‌ವರ್ಡಿನ ವಿಷಯವನ್ನು ಮಾತ್ರ ನಾನು ಯಾರಿಗೂ ಹಗುರವಾಗಿ ಹೇಳಲಾರೆ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದ ಮನೆ ಕ್ಯಾಮೆರಾ, ರೂಟರ್, ರೆಕಾರ್ಡರುಗಳನ್ನು ಲಕ್ಷಗಟ್ಟಲೆ ವಶಮಾಡಿಕೊಂಡಿತು; ಆ ವರ್ಷದ ಅಕ್ಟೋಬರಿನಲ್ಲಿ ಅವೇ ಸೇರಿ ಅಮೆರಿಕದ ದೊಡ್ಡ ದೊಡ್ಡ ವೆಬ್‌ಸೈಟುಗಳನ್ನು ಗಂಟೆಗಟ್ಟಲೆ ಕೆಡವಿದವು. ಅದಕ್ಕಿಂತ ನನ್ನನ್ನು ಕಲಕಿದ್ದು 2025ರ ಫೆಬ್ರವರಿಯಲ್ಲಿ ರಾಜಕೋಟದ ಹೆರಿಗೆ ಆಸ್ಪತ್ರೆಯೊಂದರಿಂದ ಹೊರಬಿದ್ದ ಸುದ್ದಿ. ಪರೀಕ್ಷೆಗೆಂದು ಮಲಗಿದ್ದ ಹೆಣ್ಣುಮಕ್ಕಳ ಸಿಸಿಟಿವಿ ದೃಶ್ಯಗಳನ್ನು ಕದ್ದು ಮಾರಿದ್ದರು. ಕ್ಯಾಮೆರಾ ಇರಲೇಬಾರದ ಜಾಗದಲ್ಲಿ ಕ್ಯಾಮೆರಾ ಇತ್ತು ಎಂಬಲ್ಲಿಂದಲೇ ಆ ಅನ್ಯಾಯ ಶುರುವಾಗುತ್ತದೆ. 2025ರ ಏಪ್ರಿಲ್ 9ರಿಂದ ನಮ್ಮ ದೇಶದಲ್ಲಿ ಮಾರುವ ಸಿಸಿಟಿವಿಗಳಿಗೆ ಸರ್ಕಾರದ ಭದ್ರತಾ ಪರೀಕ್ಷೆ ಕಡ್ಡಾಯವಾಗಿದೆ. ಕೊಳ್ಳುವಾಗ ಆ ಪರೀಕ್ಷೆಯ ಎಸ್‌ಟಿಕ್ಯೂಸಿ ಪ್ರಮಾಣಪತ್ರವಿದೆಯೇ ಎಂದು ಕೇಳುವುದು ನಮ್ಮ ಹಕ್ಕು. ಮನೆಗೆ ತಂದ ಮೇಲೆ ಪಾಸ್‌ವರ್ಡ್ ಬದಲಿಸುವುದು, ಕಂಪನಿ ಕಳಿಸುವ ಅಪ್‌ಡೇಟ್ ಹಾಕುವುದು, ಬೇಡದ ಮೈಕನ್ನು ಆರಿಸುವುದು ನಮ್ಮ ಹೊಣೆ. ಹಾಕಲು ಬಂದ ಹುಡುಗನ ಫೋನಿನಲ್ಲಿ ನಮ್ಮ ಮನೆಯ ಖಾತೆ ಉಳಿಯದಂತೆ ನೋಡಿಕೊಳ್ಳುವುದೂ ಅದರಲ್ಲೇ ಸೇರಿದೆ.

ಗೇಟಿಗೆ ಹಾಕಿದ ದಿನ ಎದುರುಮನೆಯ ಮಾಮಿಯನ್ನು ಕರೆದು ಫೋನು ತೋರಿಸಿದೆ. ಚಿತ್ರದ ಬಲಮೂಲೆಯಲ್ಲಿ ಅವರ ಅಡುಗೆಮನೆಯ ಕಿಟಕಿ ಕಾಣುತ್ತಿತ್ತು. ಕ್ಯಾಮೆರಾವನ್ನು ಕೊಂಚ ಕೆಳಗೆ ತಿರುಗಿಸಿದೆವು; ಉಳಿದಷ್ಟರ ಮೇಲೆ ಆ್ಯಪಿನಲ್ಲಿರುವ ಪ್ರೈವೆಸಿ ಮಾಸ್ಕಿನಿಂದ ಬೆರಳಲ್ಲೇ ಚೌಕ ಎಳೆದೆ. ಕಿಟಕಿ ಇದ್ದ ಜಾಗ ಕಪ್ಪಾಯಿತು. ಮಾಮಿ ತಮ್ಮ ಮನೆಗೆ ಹೋಗಿ ಕಿಟಕಿಯಲ್ಲಿ ನಿಂತು ಕೈ ಬೀಸಿದರು. ಕಾಣಲಿಲ್ಲ ಎಂದು ಇಲ್ಲಿಂದ ಕೂಗಿದೆ. ಕೆಲಸಕ್ಕೆ ಬರುವ ಅಕ್ಕನಿಗೂ ಹಾಗೆಯೇ ತೋರಿಸಿದೆ. ಹನ್ನೆರಡು ವರ್ಷಗಳಿಂದ ಬರುತ್ತಿರುವ ಆಕೆ ಡ್ರಿಲ್ಲಿನ ಸದ್ದು ಕೇಳಿದಾಗ ಮುಖ ಚಿಕ್ಕದು ಮಾಡಿಕೊಂಡಿದ್ದಳು. “ಒಳಗೆ ಹಾಕಲ್ವಾಮ್ಮಾ?” ಎಂದು ತಮಿಳಿನಲ್ಲಿ ಕೇಳಿದಳು. ಇಲ್ಲ ಎಂದ ಮೇಲೆ ತಾನು ಗೇಟು ತೆಗೆದು ಒಳಬರುವ ಚಿತ್ರ ನೋಡಿ, ಸೀರೆ ಚೆನ್ನಾಗಿ ಕಾಣುತ್ತದೆ ಎಂದಳು. ಅಡುಗೆಮನೆಯಲ್ಲೊಂದು ಗುಪ್ತ ಕ್ಯಾಮೆರಾ ಇಟ್ಟುಕೊಂಡು, ಪಾತ್ರೆ ತೊಳೆಯುವವಳನ್ನು ಆಫೀಸಿನಿಂದ ನೋಡುವ ಪರಿಚಯದವರಿದ್ದಾರೆ. ನಂಬಿಕೆಯಿಲ್ಲದಿದ್ದರೆ ಬೀರುವಿಗೆ ಬೀಗ ಹಾಕಲಿ. ಒಬ್ಬಳು ದುಡಿಯುವ ಹೆಂಗಸಿನ ಬೆನ್ನ ಮೇಲೆ ಅವಳಿಗೆ ತಿಳಿಯದ ಕಣ್ಣಿಡುವುದು ನನ್ನ ಲೆಕ್ಕದಲ್ಲಿ ತಪ್ಪು.

ಮನೆಯೊಳಗಿನ ಈ ವಿಷಯದಲ್ಲಿ ಕಾನೂನು ಬಹುಪಾಲು ನಮ್ಮ ಮನಸ್ಸಾಕ್ಷಿಗೇ ಬಿಟ್ಟಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸ್ವಂತ ಮತ್ತು ಗೃಹ ಬಳಕೆಗೆ ಅನ್ವಯಿಸುವುದಿಲ್ಲ. ಆದರೆ ಕೋಲ್ಕತ್ತಾದಲ್ಲಿ ಒಂದೇ ಮನೆಯಲ್ಲಿದ್ದ ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಕಲ್ಕತ್ತಾ ಹೈಕೋರ್ಟ್, ಜೊತೆಗೆ ವಾಸಿಸುವವರ ಒಪ್ಪಿಗೆಯಿಲ್ಲದೆ ವಾಸದ ಭಾಗದೊಳಗೆ ಕ್ಯಾಮೆರಾ ನಡೆಸುವಂತಿಲ್ಲ ಎಂದಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲು ಒಪ್ಪಲಿಲ್ಲ. ಆ ತೀರ್ಪಿನ ಬೇರು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕೆಂದ ತೀರ್ಪಿನಲ್ಲಿದೆ. ಆ ಮೊಕದ್ದಮೆಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತರ ಮೇಲಿನ ವಯಸ್ಸು. ನಮ್ಮ ಅತ್ತೆಗೂ ಈಗ ಹೆಚ್ಚುಕಡಿಮೆ ಅದೇ ವಯಸ್ಸು. ವಯಸ್ಸಾದವರಿಗೆ ಮರೆ ಬೇಡವೆಂದು ಯಾರೂ ತೀರ್ಮಾನ ಮಾಡಬಾರದು.

ಆದರೂ ಮೈದುನನ ಪ್ರಶ್ನೆ ಉಳಿದೇ ಇತ್ತು: ಅಮ್ಮ ಬಿದ್ದರೆ? ಯೋಚಿಸಿದರೆ ಅತ್ತೆ ಜಾರುವ ಭಯ ಹೆಚ್ಚಾಗಿರುವುದು ಬಚ್ಚಲಲ್ಲಿ, ರಾತ್ರಿ ಎದ್ದು ಹೋಗುವಾಗ. ಅಲ್ಲಿ ಯಾವ ಮಗನೂ ಕ್ಯಾಮೆರಾ ಇಡಲಾರ. ಇಲ್ಲಿಯ ಮಧ್ಯಾಹ್ನ ಹಾಲಿನಲ್ಲಿ ಬಿದ್ದದ್ದನ್ನು ನ್ಯೂಜೆರ್ಸಿಯ ನಡುರಾತ್ರಿಯಲ್ಲಿ ಯಾರೂ ನೋಡುತ್ತಿರುವುದಿಲ್ಲ. ರಿಚ್ಚಿ ಸ್ಟ್ರೀಟಿನಲ್ಲೇ ಕೆಲವೇ ನೂರು ರೂಪಾಯಿಗೆ ಸಿಗುವ ವೈರ್‌ಲೆಸ್ ಕಾಲಿಂಗ್ ಬೆಲ್ ತಂದೆವು. ಗುಂಡಿ ಅತ್ತೆಯ ಕೊರಳಲ್ಲಿ ದಾರಕ್ಕೆ, ಗಂಟೆ ಮೇಲಿನ ಮನೆಯ ಹಾಲಿನಲ್ಲಿ. ಇಂಟರ್ನೆಟ್ಟಿನ ಹಂಗಿಲ್ಲ. ಗೇಟಿನ ಚಿತ್ರ ನೋಡಲು ಅತ್ತೆಯ ಮಂಚದ ಪಕ್ಕ ಹಳೆಯದೊಂದು ಟ್ಯಾಬ್ಲೆಟ್ ನಿಲ್ಲಿಸಿದ್ದೇವೆ. ಈಗ ಕೊರಿಯರ್‌ನವನಿಗೆ ಕೂತಲ್ಲಿಂದಲೇ, “ತಂಬಿ, ಅಲ್ಲೇ ತುಳಸಿಕಟ್ಟೆ ಮೇಲಿಟ್ಟು ಹೋಗಪ್ಪ” ಎಂದು ತಮಿಳಿನಲ್ಲಿ ಹೇಳುತ್ತಾರೆ. ಚಂದಾದವರಿಗೆ ಸಂಜೆ ಬರಲು ಹೇಳುತ್ತಾರೆ.

ಆ ಭಾನುವಾರ ಅತ್ತೆಯೇ ಮಗನ ಜೊತೆ ಮಾತಾಡಿದರು. “ನೋಡಬೇಕು ಅನ್ನಿಸಿದಾಗ ಫೋನ್ ಮಾಡೋ. ಒಂದು ನಿಮಿಷ ತಡ್ಕೊ, ತಲೆ ಬಾಚ್ಕೊಂಡು ಕೂತ್ಕೋತೀನಿ. ನಾನೂ ನಿನ್ನ ನೋಡಿದ ಹಾಗಾಗುತ್ತೆ.” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಗಲಮ್ಮ ಎಂದ. ಒಳಗಿನ ಕ್ಯಾಮೆರಾಗಳಿಗೆಂದು ಎತ್ತಿಟ್ಟಿದ್ದ ದುಡ್ಡನ್ನು ಕಳಿಸಿದ್ದಾನೆ. ಬಚ್ಚಲಿಗೆ ಸ್ಟೀಲಿನ ಹಿಡಿಕೆ ಹಾಕಿಸಿ ನೆಲಕ್ಕೆ ಜಾರದ ಕಲ್ಲು ಕೂರಿಸಲು ಮೇಸ್ತ್ರಿಗೆ ಹೇಳಿದ್ದೇವೆ. ಐಪ್ಪಸಿ ತಿಂಗಳ ಮಳೆ ಶುರುವಾಗುವ ಮುಂಚೆ ಬರುತ್ತೇನೆಂದು ಮೇಸ್ತ್ರಿ ಹೇಳಿದ್ದಾನೆ.